ಘಂಟೆ ಬಾರಿಸದ ಆದಿತ್ಯವಾರ

ಆದಿತ್ಯವಾರದ ಮುಂಜಾನೆ ಕಾರ್ಕಳದ ಬೀದಿಯಲ್ಲಿ ನಿಂತು ನೋಡುವವರಿಗೆ ಒಂದು ದೃಶ್ಯವು ಚೆನ್ನಾಗಿ ಪರಿಚಿತವಾಗಿರುವುದು. ಮೇಲೆ ಬಂಡೆಯ ತುದಿಯಲ್ಲಿ, 1432ರಲ್ಲಿ ಪ್ರತಿಷ್ಠೆಗೊಂಡ ಗೊಮ್ಮಟಸ್ವಾಮಿಯು ಊರನ್ನೆಲ್ಲ ನೋಡುತ್ತ ನಿಂತಿರುವನು. ಕೆಳಗೆ ವೆಂಕಟರಮಣನ ದರ್ಶನಕ್ಕೆಂದು ಹೊರಟ ಭಕ್ತರು. ಅವರ ನಡುವೆಯೇ ಮಡಿಕೆ ಮುರಿಯದ ಬಟ್ಟೆಯುಟ್ಟು, ಮಕ್ಕಳ ಕೈಹಿಡಿದು, ಇಗರ್ಜಿಯ ಕಡೆಗೆ ನಡೆಯುವ ಕ್ರೈಸ್ತ ಕುಟುಂಬಗಳು. ನೆರೆಹೊರೆಯವರು ಈ ನಡಿಗೆಯನ್ನು ನೋಡಿಯೇ ಇಂದು ಆದಿತ್ಯವಾರವೆಂದು ತಿಳಿದುಕೊಳ್ಳುವರು. ಈ ನಡಿಗೆಯ ಅರ್ಥವೇನು, ಮತ್ತು ಎಂದಾದರೊಂದು ದಿನ ಇಗರ್ಜಿಯ ಬಾಗಿಲು ಮುಚ್ಚಿ ಘಂಟೆಯು ಬಾರಿಸದೆ ಹೋದರೆ ಆ ಅರ್ಥವು ಏನಾಗುವುದು, ಎಂಬೆರಡು ಪ್ರಶ್ನೆಗಳನ್ನು ಇಂದು ತಮ್ಮ ಮುಂದೆ ಇಡಬೇಕೆಂದಿರುವೆನು.

ಎರಡನೆಯ ಪ್ರಶ್ನೆಯು ಕೇವಲ ಊಹೆಯದಲ್ಲ. 2020ನೆಯ ಇಸವಿಯ ಮಾರ್ಚ್ 22ನೆಯ ತಾರೀಖು, ಆದಿತ್ಯವಾರದಂದೇ, ದೇಶದಲ್ಲೆಲ್ಲ ಜನತಾ ಕರ್ಫ್ಯೂ ಆಯಿತು. ಮೂರು ದಿವಸಗಳಲ್ಲಿ ಲಾಕ್‌ಡೌನ್ ಬಂದಿತು. ಕೊರೋನಾ ವ್ಯಾಧಿಯ ಭಯದಿಂದ ಎಲ್ಲ ಮತಗಳ ಆರಾಧನಾಸ್ಥಾನಗಳೂ ಮುಚ್ಚಲ್ಪಟ್ಟವು. ಅವುಗಳನ್ನು ತೆರೆಯಲು ಅಪ್ಪಣೆ ದೊರೆತುದು ಜೂನ್ 8ರಿಂದ. ನಡುವೆ ಹನ್ನೆರಡು ಆದಿತ್ಯವಾರಗಳು ಕಳೆದುಹೋದವು. ಏಪ್ರಿಲ್ 12ರ ಈಸ್ಟರ್ ಹಬ್ಬವೂ ಅವುಗಳಲ್ಲಿ ಒಂದಾಗಿದ್ದಿತು. ಮರುವರ್ಷ ಎರಡನೆಯ ಅಲೆಯಲ್ಲಿ ನಮ್ಮ ರಾಜ್ಯದಲ್ಲಿ ಬಾಗಿಲುಗಳು ಮತ್ತೆ ಮುಚ್ಚಿದವು.

ಮೊದಲನೆಯ ವಾರ ನನಗೆ ದುಃಖಕ್ಕಿಂತ ಹೆಚ್ಚಾಗಿ ಒಂದು ಬಗೆಯ ಬಿಡುವೇ ಆದಂತೆ ತೋರಿತೆಂದು ಒಪ್ಪಿಕೊಳ್ಳತಕ್ಕದ್ದು. ನಾಲ್ವತ್ತು ದಾಟಿದ, ಪುಸ್ತಕದ ಪಾಠ ಹೇಳಿ ಬೇಸತ್ತ ಉಪನ್ಯಾಸಕನಿಗೆ ಬೆಳಗಿನ ನಿದ್ದೆಯೆಂಬುದು ಅಲ್ಪವಾದ ಸುಖವೇನೂ ಅಲ್ಲ. ಎರಡನೆಯ ವಾರವೂ ಹಾಗೆಯೇ ಕಳೆಯಿತು. ಮೂರನೆಯ ವಾರ, ಹೊತ್ತು ಏರಿದ ಮೇಲೆ ಹೊರಗೆ ಬಂದು ನೋಡುತ್ತೇನೆ, ನನ್ನ ವೃದ್ಧ ತಾಯಿಯವರು ಮಿಂದು, ಆದಿತ್ಯವಾರಕ್ಕೆಂದೇ ತೆಗೆದಿರಿಸಿದ ಸೀರೆಯನ್ನುಟ್ಟು, ಜಪಸರವನ್ನು ಹಿಡಿದು, ಚಾವಡಿಯ ಆಲ್ತಾರಿನ ಮುಂದೆ ಕುಳಿತಿದ್ದರು. “ಎಲ್ಲಿಗೆ ಹೊರಟಿರಿ ಅಮ್ಮಾ, ಇಗರ್ಜಿಗೆ ರಜೆಯಲ್ಲವೇ?” ಎಂದೆನು. ಅವರು ನಮ್ಮ ಮನೆಮಾತಾದ ಕೊಂಕಣಿಯಲ್ಲಿ, “ಇಗರ್ಜಿಗೆ ರಜೆ ಮಗಾ, ಆಯ್ತಾರಕ್ಕೆ ರಜೆಯಿಲ್ಲ” ಎಂದರು. ಇಂದಿನ ನನ್ನ ಮಾತುಗಳೆಲ್ಲವೂ ಅವರ ಈ ಮಾತಿಗೆ ಬರೆದ ಒಂದು ವ್ಯಾಖ್ಯಾನವೆಂದೇ ತಾವು ಭಾವಿಸಬಹುದು.

ಆದಿತ್ಯವಾರವು ಕ್ರೈಸ್ತರಿಗೆ ಏತಕ್ಕೆ ಪವಿತ್ರವಾಯಿತು? ಯೆಹೂದ್ಯರು ವಾರದ ಏಳನೆಯ ದಿನವಾದ ಶನಿವಾರವನ್ನು ಸಬ್ಬತ್ತೆಂದು ಆಚರಿಸುವರು; ಅದು ಸೃಷ್ಟಿಯನ್ನು ಮುಗಿಸಿ ದೇವರು ವಿಶ್ರಮಿಸಿದ ದಿನ. ಯೇಸುಕ್ರಿಸ್ತನು ಮರಣವನ್ನು ಗೆದ್ದು ಎದ್ದನೆಂದು ಸುವಾರ್ತೆಗಳು ಹೇಳುವುದು ಅದರ ಮರುದಿನ, ಎಂದರೆ ವಾರದ ಮೊದಲನೆಯ ದಿನ. ಆದುದರಿಂದ ಆ ದಿನವು ಅವರಿಗೆ ‘ಕರ್ತನ ದಿನ’ವಾಯಿತು. ಪೋರ್ಚುಗೀಸರ ‘ದೊಮಿಂಗೊ’ ಎಂಬ ಮಾತಿಗೆ ಇದೇ ಅರ್ಥ. ಈಸ್ಟರ್ ವರ್ಷಕ್ಕೊಮ್ಮೆ ಬರುವ ಹಬ್ಬವೆಂದು ಅನೇಕರು ತಿಳಿದಿರುವರು. ಯಥಾರ್ಥದಲ್ಲಿ ಪ್ರತಿಯೊಂದು ಆದಿತ್ಯವಾರವೂ ಒಂದು ಚಿಕ್ಕ ಈಸ್ಟರೇ.

ಇಲ್ಲಿ ಗಮನಿಸಬೇಕಾದುದೊಂದುಂಟು. ಆದಿತ್ಯವಾರದ ಆರಾಧನೆಯು ಆದಿತ್ಯವಾರದ ರಜೆಗಿಂತಲೂ ಬಹಳ ಹಳೆಯದು. ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನು ನ್ಯಾಯಾಧೀಶರೂ ಪಟ್ಟಣವಾಸಿಗಳೂ ಕುಶಲಕರ್ಮಿಗಳೂ ಆ ದಿನ ಕೆಲಸ ನಿಲ್ಲಿಸಬೇಕೆಂದು ಆಜ್ಞಾಪಿಸಿದುದು ಕ್ರಿಸ್ತಶಕ 321ರಲ್ಲಿ. ಬೇಸಾಯಗಾರರಿಗೆ ಆಗಲೂ ವಿನಾಯಿತಿಯಿದ್ದಿತು. ಅದಕ್ಕಿಂತ ಮುಂಚಿನ ಸುಮಾರು ಮುನ್ನೂರು ವರ್ಷ ಕ್ರೈಸ್ತರಿಗೆ ಅದು ದುಡಿಮೆಯ ದಿನವೇ ಆಗಿದ್ದಿತು. ಅವರಲ್ಲಿ ಗುಲಾಮರೂ ಕೂಲಿಯವರೂ ಅನೇಕರಿದ್ದರು. ಸುಮಾರು 112ರಲ್ಲಿ ಪ್ಲಿನಿ ಎಂಬ ರೋಮನ್ ಅಧಿಕಾರಿಯು ತನ್ನ ಚಕ್ರವರ್ತಿಗೆ ಬರೆದ ಪತ್ರದಲ್ಲಿ, ಈ ಜನರು ಒಂದು ಗೊತ್ತಾದ ದಿನ ಬೆಳಕು ಹರಿಯುವ ಮುಂಚೆಯೇ ಕೂಡಿ ಕ್ರಿಸ್ತನನ್ನು ಸ್ತುತಿಸುವರೆಂದು ತಿಳಿಸಿರುವನು. ಬೆಳಕು ಹರಿದ ಮೇಲೆ ಅವರಿಗೆ ಒಡೆಯನ ಕೆಲಸವಿದ್ದಿತು. ಅನುಕೂಲವಿದ್ದಾಗ ಮಾತ್ರ ನಡೆಯುವ ಆಚಾರವಾಗಿದ್ದಲ್ಲಿ ಇದು ಮೊದಲನೆಯ ಶತಮಾನದಲ್ಲಿಯೇ ನಿಂತುಹೋಗುತ್ತಿದ್ದಿತು.

ಹಾಗೆ ಕೂಡಿದವರು ಮಾಡುತ್ತಿದ್ದುದೇನು? ಸುಮಾರು 155ರಲ್ಲಿ ರೋಮಿನಲ್ಲಿ ಬರೆದ ಜಸ್ಟಿನ್ ಎಂಬ ತತ್ತ್ವಜ್ಞನು ಅದನ್ನು ಬಿಡಿಸಿ ಹೇಳಿರುವನು. ಊರಿನವರೂ ಹಳ್ಳಿಯವರೂ ಒಂದೆಡೆ ಸೇರುವರು. ಅಪೊಸ್ತಲರ ಮತ್ತು ಪ್ರವಾದಿಗಳ ಬರಹಗಳನ್ನು ಓದುವರು, ಅಧ್ಯಕ್ಷನು ಬೋಧಿಸುವನು, ಎಲ್ಲರೂ ಎದ್ದುನಿಂತು ಪ್ರಾರ್ಥಿಸುವರು, ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಅರ್ಪಿಸಿ ಹಂಚಿಕೊಳ್ಳುವರು. ಇಷ್ಟಕ್ಕೇ ಮುಗಿಯಲಿಲ್ಲ. ಬರಲಾರದೆ ಹೋದವರಿಗೆ ಅವರ ಪಾಲನ್ನು ಸೇವಕರ ಕೈಯಲ್ಲಿ ಮನೆಗೆ ಕಳುಹಿಸುವರು. ಉಳ್ಳವರು ಮನಸ್ಸಿಗೆ ಬಂದಷ್ಟು ಕೊಡುವರು. ಅದು ಅನಾಥರಿಗೂ ವಿಧವೆಯರಿಗೂ ರೋಗಿಗಳಿಗೂ ಸೆರೆಯಲ್ಲಿರುವವರಿಗೂ ಪರದೇಶಿಗಳಿಗೂ ಸಲ್ಲುವುದು.

ಈ ವರ್ಣನೆಯಲ್ಲಿ ‘ಬರಲಾರದವರು’ ಎಂಬ ಮಾತು ನನ್ನ ಮನಸ್ಸನ್ನು ಬಹಳ ಸೆಳೆದಿದೆ. ಆದಿತ್ಯವಾರದ ಸಭೆಯು ತನ್ನ ಆರಂಭದ ದಿನಗಳಿಂದಲೂ ಗೈರುಹಾಜರಾದವರನ್ನು ಲೆಕ್ಕಕ್ಕೆ ಹಿಡಿದಿದ್ದಿತು. ಹಾಸಿಗೆ ಹಿಡಿದವನೂ ಸಂಕೋಲೆ ತೊಟ್ಟವನೂ ಸಭೆಯ ಹೊರಗಿನವರಲ್ಲ; ಅವರ ಪಾಲು ಅವರಿಗೆ ಉಂಟು. ಹಾಗಿದ್ದ ಮೇಲೆ ಒಂದು ವಾರ ಎಲ್ಲರೂ ಬರಲಾರದವರೇ ಆದರೆ ಅವರೆಲ್ಲರೂ ಸಭೆಯವರಲ್ಲದೆ ಹೋದಾರೇ?

ಇದಕ್ಕೆ ಉತ್ತರವನ್ನು ಹುಡುಕುವವರು ಕಾರ್ಕಳದಿಂದ ದೂರ ಹೋಗಬೇಕಾಗಿಲ್ಲ. ಪೇಟೆಯಿಂದ ಕೆಲವೇ ಮೈಲಿಗಳಾಚೆ ಅತ್ತೂರಿನಲ್ಲಿ ಸಂತ ಲಾರೆನ್ಸರ ಇಗರ್ಜಿಯಿದೆ. ಪ್ರತಿ ಜನವರಿಯಲ್ಲಿ ಅಲ್ಲಿ ನಡೆಯುವ ಜಾತ್ರೆಗೆ ಜಾತಿಮತಗಳ ಭೇದವಿಲ್ಲದೆ ಜನರು ಬಂದು ಮೇಣದಬತ್ತಿ ಹಚ್ಚಿ ಹರಕೆ ಸಲ್ಲಿಸುವರು. 2016ರಲ್ಲಿ ಪೋಪ್ ಫ್ರಾನ್ಸಿಸರು ಅದಕ್ಕೆ ಕಿರಿಯ ಬೆಸಿಲಿಕದ ಪದವಿಯನ್ನಿತ್ತರು. ಇಷ್ಟು ಎಲ್ಲರಿಗೂ ತಿಳಿದುದೇ. ಆದರೆ ಆ ಲಾರೆನ್ಸರು ಯಾವ ಕಾಲದವರೆಂಬುದನ್ನು ಹರಕೆ ಹೊತ್ತವರು ಅಷ್ಟಾಗಿ ವಿಚಾರಿಸುವುದಿಲ್ಲ. 257ರಲ್ಲಿ ವಲೇರಿಯನ್ ಚಕ್ರವರ್ತಿಯು ಕ್ರೈಸ್ತರು ಸಭೆ ಸೇರಕೂಡದೆಂದೂ ಅವರ ಸ್ಮಶಾನಗಳಿಗೆ ಹೋಗಕೂಡದೆಂದೂ ಆಜ್ಞೆ ಹೊರಡಿಸಿದನು. ಮರುವರ್ಷ ಆಗಸ್ಟಿನಲ್ಲಿ, ನೆಲದಡಿಯ ಸ್ಮಶಾನವೊಂದರಲ್ಲಿ ಜನರನ್ನು ಕೂಡಿಸಿಕೊಂಡಿದ್ದಾಗಲೇ ರೋಮಿನ ಬಿಷಪರಾದ ಎರಡನೆಯ ಸಿಕ್ಸ್ಟಸರನ್ನು ಹಿಡಿದು ಕೊಂದರು. ಅವರ ಸೇವಕಗುರುವಾಗಿದ್ದ ಲಾರೆನ್ಸರಿಗೆ ನಾಲ್ಕು ದಿನಗಳ ಮೇಲೆ ಅದೇ ಗತಿಯಾಯಿತು. ಸಭೆಯ ಭಂಡಾರವನ್ನು ಒಪ್ಪಿಸೆಂದು ಅಧಿಕಾರಿಯು ಕೇಳಲು, ಅವರು ಊರಿನ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆತಂದು, ಇದೇ ನಮ್ಮ ಭಂಡಾರವೆಂದು ತೋರಿಸಿದರೆಂದು ಐತಿಹ್ಯವು ಹೇಳುವುದು. ಇಂತು ಅತ್ತೂರಿನ ಸಂತರು ಆರಾಧನೆಯು ನಿಷಿದ್ಧವಾಗಿದ್ದ ಕಾಲದ ಸಂತರು. ಸಭೆ ಸೇರಲು ಅಪ್ಪಣೆಯಿಲ್ಲದ ವರ್ಷದಲ್ಲಿ ಸಭೆಯ ಭಂಡಾರವೆಲ್ಲಿದೆಯೆಂಬುದನ್ನು ತೋರಿಸಿಕೊಟ್ಟವರು.

ಇನ್ನೊಂದು ನಿದರ್ಶನವು ಉತ್ತರ ಆಫ್ರಿಕದ ಅಬಿತಿನಾ ಎಂಬ ಪಟ್ಟಣದ್ದು. 303ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿಯು ಕ್ರೈಸ್ತರ ಗ್ರಂಥಗಳನ್ನು ಸುಡಿಸಿ ಅವರ ಕೂಟಗಳನ್ನು ನಿಲ್ಲಿಸಿದನು. ಅಲ್ಲಿನ ಬಿಷಪನು ಹೆದರಿ ಗ್ರಂಥಗಳನ್ನು ಒಪ್ಪಿಸಿಬಿಟ್ಟನು. ಆದರೂ ಜನರು ಒಬ್ಬರ ಮನೆಯಲ್ಲಿ ಆದಿತ್ಯವಾರ ಕೂಡುವುದನ್ನು ಬಿಡಲಿಲ್ಲ. ನಲ್ವತ್ತೊಂಬತ್ತು ಮಂದಿ ಸೆರೆಸಿಕ್ಕರು. 304ರಲ್ಲಿ ಕಾರ್ಥೇಜಿನಲ್ಲಿ ವಿಚಾರಣೆಯಾದಾಗ, ಮನೆಯನ್ನು ತೆರೆದುಕೊಟ್ಟಿದ್ದ ಎಮೆರಿಟಸನೆಂಬಾತನು ಕರ್ತನ ದಿನದ ಆರಾಧನೆಯಿಲ್ಲದೆ ತಮಗೆ ಇರಲು ಸಾಧ್ಯವಿಲ್ಲವೆಂಬ ಅರ್ಥದ ಉತ್ತರವನ್ನಿತ್ತನು. ಬಿಷಪನು ಸೋತ ಊರಿನಲ್ಲಿ ಆದಿತ್ಯವಾರವು ಸೋಲಲಿಲ್ಲ.

ಇವು ದೂರದೇಶದ ಸಂಗತಿಗಳಾದವು. ನಮ್ಮ ನೆಲದಲ್ಲಿಯೇ ನಡೆದುದನ್ನು ಈಗ ನೋಡೋಣ. 1784ನೆಯ ಇಸವಿಯ ಫೆಬ್ರವರಿಯಲ್ಲಿ, ತಪಸ್ಸುಕಾಲದ ಆರಂಭದಲ್ಲಿ, ಕೆನರಾ ಸೀಮೆಯ ಕೆಥೋಲಿಕ್ ಕ್ರೈಸ್ತರನ್ನು ಟೀಪೂ ಸುಲ್ತಾನನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಯುದ್ಧದಲ್ಲಿ ಅವರು ಇಂಗ್ಲಿಷರಿಗೆ ನೆರವಾದರೆಂಬುದು ಅವರ ಮೇಲಿನ ಆರೋಪ. ಹಿಡಿಯಲ್ಪಟ್ಟವರು 30,000 ಎಂದು ಹೇಳುವವರಿಂದ 80,000 ಎಂದು ಹೇಳುವವರ ವರೆಗೆ ಲೆಕ್ಕಗಳು ಬೇರೆಬೇರೆಯಾಗಿವೆ. ಗುರುಗಳು ಗಡೀಪಾರಾದರು, ಇಗರ್ಜಿಗಳು ಕೆಡವಲ್ಪಟ್ಟವು. 1759ರಲ್ಲಿ ಸ್ಥಾಪನೆಯಾಗಿದ್ದ ಅತ್ತೂರಿನ ಇಗರ್ಜಿಯೂ ಉಳಿಯಲಿಲ್ಲ. ಮೂಡಬಿದಿರೆಯ ಹೊಸಬೆಟ್ಟಿನ ಇಗರ್ಜಿಯು ಮಾತ್ರ ಅಲ್ಲಿನ ಜೈನ ಅರಸರಾದ ಚೌಟರ ಮಾತಿನಿಂದ ಉಳಿಯಿತೆಂದು ಪರಂಪರೆಯು ಹೇಳುತ್ತದೆ. ಜೈನರ ಆಶ್ರಯದಿಂದ ಒಂದು ಕ್ರೈಸ್ತ ದೇವಾಲಯವು ಉಳಿದುದನ್ನು ನಮ್ಮ ಸೀಮೆಯವರು ಮರೆಯತಕ್ಕದ್ದಲ್ಲ.

ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹು ಮಂದಿ. ಬಲವಂತದ ಮತಾಂತರಕ್ಕೊಳಗಾದವರೂ ಬಹು ಮಂದಿ. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದ ಮೇಲೆಯೇ ಉಳಿದವರಿಗೆ ಬಿಡುಗಡೆ. ಆ ಹದಿನೈದು ವರ್ಷಗಳಲ್ಲಿ ಸುಮಾರು 790 ಆದಿತ್ಯವಾರಗಳು ಆಗಿಹೋದವು. ಬಲಿಪೂಜೆಯ ಘಂಟೆಯನ್ನು ಕೇಳದೆಯೇ ಬೆಳೆದ ಮಕ್ಕಳು ಅವರಲ್ಲಿದ್ದಿರಬೇಕು. ಆದರೂ ಬದುಕುಳಿದವರಲ್ಲಿ ಸಾವಿರಾರು ಮಂದಿ ಘಟ್ಟವನ್ನಿಳಿದು ಮರಳಿ ಬಂದು, ಮೊದಲಿನ ನೆಲದಲ್ಲಿ ಮೊದಲಿನ ಹೆಸರುಗಳಲ್ಲಿಯೇ ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡರು. ಕಟ್ಟಡವು ಹೋಗಿದ್ದಿತು, ಗುರುಗಳು ಹೋಗಿದ್ದರು. ಮರಳಿ ಕಟ್ಟಬೇಕೆಂಬ ಮನಸ್ಸು ಮಾತ್ರ ಹೋಗಿರಲಿಲ್ಲ. ಅಂತಹ ಮನಸ್ಸು ಹದಿನೈದು ವರ್ಷದ ಕೊನೆಯಲ್ಲಿ ಒಂದೇ ದಿನ ಹುಟ್ಟತಕ್ಕದ್ದಲ್ಲ. ಅದನ್ನು ಯಾರೋ ಗುಡಿಸಲಿನೊಳಗೆ ಕಾಪಾಡಿಕೊಂಡು ಬಂದಿರಲೇಬೇಕು.

ಹೀಗೆ ಕಾಪಾಡುವ ಬಗೆ ಹೇಗೆಂಬುದನ್ನು ಜಪಾನಿನ ಕ್ರೈಸ್ತರ ಚರಿತ್ರೆಯು ಇನ್ನೂ ಸ್ಪಷ್ಟವಾಗಿ ತೋರಿಸುವುದು. 1614ರಲ್ಲಿ ಆ ದೇಶದಲ್ಲೆಲ್ಲ ಕ್ರೈಸ್ತಮತವು ನಿಷಿದ್ಧವಾಯಿತು. 1644ರಲ್ಲಿ ಅಲ್ಲಿ ಉಳಿದಿದ್ದ ಕೊನೆಯ ಗುರುವೂ ಕೊಲ್ಲಲ್ಪಟ್ಟನು. ಆಗಿನ ಜಪಾನೀಯರ ಬಾಳಿಗೆ ಏಳು ದಿನಗಳ ವಾರವೆಂಬುದೇ ಬಳಕೆಯಲ್ಲಿರಲಿಲ್ಲ. ಆದುದರಿಂದ ಯಾರಾದರೂ ಎಣಿಸದಿದ್ದರೆ ಆದಿತ್ಯವಾರವು ಎಂದೆಂಬುದೇ ತಿಳಿಯುವಂತಿರಲಿಲ್ಲ. ನಾಗಸಾಕಿಯ ಸುತ್ತಿನ ಹಳ್ಳಿಗಳ ಬೆಸ್ತರೂ ರೈತರೂ ಏನು ಮಾಡಿದರು? ಪ್ರತಿಯೊಂದು ಹಳ್ಳಿಯಲ್ಲಿ ಒಬ್ಬನನ್ನು ಪಂಚಾಂಗದವನನ್ನಾಗಿ ನೇಮಿಸಿಕೊಂಡರು. ಹಳೆಯ ಪಂಚಾಂಗವೊಂದರ ಆಧಾರದಿಂದ ದಿನಗಳನ್ನೆಣಿಸಿ, ಇಂದು ಕರ್ತನ ದಿನ, ಇಂದು ಉಪವಾಸ, ಎಂದು ಮನೆಮನೆಗೆ ಗುಟ್ಟಾಗಿ ತಿಳಿಸುವುದು ಅವನ ಕರ್ತವ್ಯ. ಇನ್ನೊಬ್ಬನು ಮಕ್ಕಳಿಗೆ ಸ್ನಾನದೀಕ್ಷೆ ಕೊಡುವನು. ತಂದೆಯಿಂದ ಮಗನಿಗೆ ಈ ಕೆಲಸವು ಇಳಿದುಬಂದಿತು. 1865ರ ಮಾರ್ಚ್ 17ರಂದು, ನಾಗಸಾಕಿಯಲ್ಲಿ ವಿದೇಶೀಯರಿಗೆಂದು ಕಟ್ಟಿದ ಹೊಸ ಇಗರ್ಜಿಗೆ ಕೆಲವು ಹಳ್ಳಿಗರು ಬಂದು, ತಮ್ಮ ಹೃದಯವೂ ಅದೇ ಎಂದು ಅಲ್ಲಿನ ಫ್ರೆಂಚ್ ಗುರುವಿಗೆ ತಿಳಿಸಿದರು. ಗುರುವಿಲ್ಲದೆ, ಬಲಿಪೂಜೆಯಿಲ್ಲದೆ, ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಅವರು ಉಳಿದು ಬಂದಿದ್ದರು. ದಿನವನ್ನೆಣಿಸುವವನೊಬ್ಬನಿದ್ದುದರಿಂದ ಜನಾಂಗವೊಂದು ಉಳಿಯಿತು.

ನಮ್ಮ ಜಿಲ್ಲೆಯ ಪ್ರೊಟೆಸ್ಟಂಟ್ ಸಭೆಗಳಿಗೂ ಇಂತಹ ಪರೀಕ್ಷೆಯು ಬಂದಿದ್ದಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ತುಳುನಾಡಿನಲ್ಲಿ ಸಭೆಗಳನ್ನು ಕಟ್ಟಿದರು. 1914ರಲ್ಲಿ ಮಹಾಯುದ್ಧವು ಹೊತ್ತಿಕೊಳ್ಳಲು ಅವರ ಜರ್ಮನ್ ಮಿಷನರಿಗಳು ಶತ್ರುದೇಶದವರೆಂದು ಸೆರೆಯಾಗಿ, ಅನಂತರ ದೇಶಬಿಟ್ಟು ಹೋಗಬೇಕಾಯಿತು. ಕಟ್ಟಿದವರು ಹೋದರೂ ಸಭೆಗಳು ಚದರಿಹೋಗಲಿಲ್ಲ. ಕನ್ನಡದ ಬೈಬಲೂ ಕನ್ನಡದ ಸಂಗೀತಪುಸ್ತಕವೂ ಮನೆಗಳಲ್ಲಿದ್ದುವು. ಸ್ಥಳೀಯ ಪಾಲಕರೂ ಹಿರಿಯರೂ ಇದ್ದರು. ಆದಿತ್ಯವಾರವು ಆ ಹೊತ್ತಿಗೆ ಮಿಷನರಿಗಳದಾಗಿರದೆ ಜನರದೇ ಆಗಿದ್ದಿತು.

ಈ ಎಲ್ಲ ನಿದರ್ಶನಗಳಿಂದ ತೋರುವುದೇನೆಂದರೆ: ಆರಾಧನೆಯ ಕೂಟವೊಂದು, ಆರಾಧನೆಯ ದಿನವಿನ್ನೊಂದು. ಕೂಟಕ್ಕೆ ಗುರು ಬೇಕು, ಸ್ಥಳ ಬೇಕು, ಅಪ್ಪಣೆ ಬೇಕು. ಇವುಗಳನ್ನು ರಾಜನಾಗಲಿ ರೋಗವಾಗಲಿ ನೆರೆನೀರಾಗಲಿ ತಡೆಯಬಹುದು. ದಿನವನ್ನಾದರೋ ಜನರೇ ಕೈಬಿಟ್ಟ ಹೊರತು ಯಾರೂ ಕಸಿದುಕೊಳ್ಳಲಾರರು. ಕೆಥೋಲಿಕ್ ಧರ್ಮಸಭೆಯ 1983ರ ಕಾನೂನುಸಂಹಿತೆಯಲ್ಲಿಯೂ ಈ ವಿವೇಕವು ಸೇರಿದೆ. ಗುರುವಿಲ್ಲದ್ದರಿಂದಲೋ ಬೇರೆ ಗುರುತರವಾದ ಕಾರಣದಿಂದಲೋ ಬಲಿಪೂಜೆಯಲ್ಲಿ ಭಾಗವಹಿಸಲು ಆಗದೆ ಹೋದರೆ, ಒಬ್ಬೊಬ್ಬರಾಗಿಯೋ ಕುಟುಂಬವಾಗಿಯೋ ಹಲವು ಕುಟುಂಬಗಳು ಸೇರಿಯೋ ತಕ್ಕಷ್ಟು ಹೊತ್ತು ಪ್ರಾರ್ಥನೆಯಲ್ಲಿ ತೊಡಗಬೇಕೆಂದು ಅದರ 1248ನೆಯ ವಿಧಿಯು ಒತ್ತಿಹೇಳುವುದು. ಕಡ್ಡಾಯದ ಭಾರವು ಇಳಿಯಿತೆಂಬ ಕಾರಣಕ್ಕೆ ದಿನವೇ ಬರಿದಾಗಬಾರದೆಂಬುದು ಅದರ ಭಾವ.

ಇಲ್ಲಿ ಬುದ್ಧಿವಂತರು ಎರಡು ಆಕ್ಷೇಪಣೆಗಳನ್ನೆತ್ತುವರು. ಮೊದಲನೆಯದು: ದೇವರು ಸರ್ವಾಂತರ್ಯಾಮಿಯಾಗಿರಲು ಒಂದೇ ದಿನಕ್ಕೆ ಇಷ್ಟು ಮಹತ್ವವೇಕೆ? ನಿಜ, ಎಲ್ಲ ದಿನಗಳೂ ಅವನವೇ. ಆದರೆ ಎಲ್ಲ ದಿನವೂ ನೆನೆಯಬೇಕಾದುದನ್ನು ಮನುಷ್ಯನು ಯಾವ ದಿನವೂ ನೆನೆಯದೆ ಇರುವುದೇ ಹೆಚ್ಚು. ನನ್ನ ಆ ಎರಡು ವಾರಗಳ ಅನುಭವವು ಇದಕ್ಕೆ ಸಾಕ್ಷಿ. ಆರಾಧನೆಯು ತಪ್ಪಿದ ಆದಿತ್ಯವಾರವು ಸೋಮವಾರದಂತಾಯಿತೇ ಹೊರತು, ಸೋಮವಾರವು ಆದಿತ್ಯವಾರದಂತಾಗಲಿಲ್ಲ.

ಎರಡನೆಯದು ಇನ್ನೂ ಬಲವಾದುದು: ಮನೆಯಲ್ಲಿಯೇ ಆದಿತ್ಯವಾರವನ್ನಾಚರಿಸಬಹುದಾದರೆ ಮತ್ತೆ ಇಗರ್ಜಿಗೇಕೆ ಹೋಗಬೇಕು? ಆ ದಿನಗಳಲ್ಲಿ ದೂರದರ್ಶನದಲ್ಲಿಯೂ ಮೊಬೈಲಿನಲ್ಲಿಯೂ ಬಲಿಪೂಜೆಯನ್ನು ನೋಡಿದವರಲ್ಲಿ ಕೆಲವರು ಅದೇ ಸಾಕೆಂದುಕೊಂಡರು. ನಮ್ಮ ಜಿಲ್ಲೆಯ ರೈತರು ಬಿತ್ತನೆಯ ಬತ್ತವನ್ನು ಬೈಹುಲ್ಲಿನ ಮುಡಿಯಲ್ಲಿ ಬಿಗಿದು ಕಟ್ಟಿ ಕಾಪಾಡುತ್ತಿದ್ದರು. ಮುಡಿಯು ಹುಳುಹಿಡಿಯದಂತೆ ಉಳಿದರೆ ಮಾತ್ರ ಮುಂದಿನ ಬೆಳೆ. ಆದರೆ ಮಳೆ ಬಂದು ಗದ್ದೆ ಹದವಾದ ಮೇಲೆಯೂ ಮುಡಿಯನ್ನು ಬಿಚ್ಚದೆ, ಬತ್ತವು ಮನೆಯಲ್ಲಿ ಭದ್ರವಾಗಿದೆಯೆಂದು ಕುಳಿತ ರೈತನನ್ನು ಏನೆನ್ನಬೇಕು? ಮನೆಯ ಪ್ರಾರ್ಥನೆಯು ಆ ಮುಡಿಯಂತೆ. ಇಗರ್ಜಿಯ ಕೂಟವು ಗದ್ದೆಯಂತೆ. ಜಪಾನಿನ ಹಳ್ಳಿಗರು ಇನ್ನೂರು ವರ್ಷ ಮನೆಯಲ್ಲಿ ಪ್ರಾರ್ಥಿಸಿದುದು ಮನೆಯೇ ಸಾಕೆಂದಲ್ಲ. ಇಗರ್ಜಿಯ ಬಾಗಿಲು ತೆರೆದೊಡನೆಯೇ ಅವರು ಅಲ್ಲಿಗೆ ಬಂದರಲ್ಲವೇ? ಪರದೆಯ ಮೇಲಿನ ಪೂಜೆಯಲ್ಲಿ ವಾಚನವನ್ನು ಕೇಳಬಹುದು, ಬೋಧನೆಯನ್ನೂ ಕೇಳಬಹುದು. ಪರಮಪ್ರಸಾದವನ್ನು ಕೈನೀಡಿ ಪಡೆಯಲಾಗದು. ಪಕ್ಕದ ಬೆಂಚಿನ ಮುದುಕನು ಈ ವಾರ ಏತಕ್ಕೆ ಬರಲಿಲ್ಲವೆಂಬುದೂ ಅದರಲ್ಲಿ ಕಾಣಿಸದು.

ಹಾಗಾದರೆ ಘಂಟೆ ಬಾರಿಸದ ಆದಿತ್ಯವಾರದಲ್ಲಿ ಏನು ಮಾಡತಕ್ಕದ್ದು? ಜಸ್ಟಿನನ ಪಟ್ಟಿಯೇ ಇಂದಿಗೂ ಸಾಕು. ಎಂದಿನ ಹೊತ್ತಿಗೇ ಎದ್ದು, ಎಂದಿನ ಬಟ್ಟೆಯನ್ನುಟ್ಟು, ಮನೆಯವರೆಲ್ಲರೂ ಒಂದೆಡೆ ಕುಳಿತುಕೊಳ್ಳುವುದು. ಆ ದಿನಕ್ಕೆ ನೇಮಿತವಾದ ವಾಚನಗಳನ್ನು ಮಕ್ಕಳಿಂದ ಓದಿಸುವುದು. ಅದೇ ಹೊತ್ತಿನಲ್ಲಿ ಅದೇ ವಾಕ್ಯಗಳನ್ನು ಸಾವಿರಾರು ಮನೆಗಳು ಓದುತ್ತಿರುವವೆಂಬ ನೆನಪೇ ಒಂದು ಬಗೆಯ ಕೂಟ. ತಮಗಾಗಿ ಮಾತ್ರವಲ್ಲದೆ ರೋಗಿಗಳಿಗಾಗಿ, ಆ ದಿನವೂ ಬಿಡುವಿಲ್ಲದ ದಾದಿಯರಿಗಾಗಿ, ಆಳುವವರಿಗಾಗಿ ಪ್ರಾರ್ಥಿಸುವುದು. ಮನೆಯ ಆಳುಕಾಳುಗಳಿಗೆ ವಿಶ್ರಾಂತಿ ಕೊಡುವುದು. ಕೊನೆಯದಾಗಿ, ಕಾಣಿಕೆಯ ಹಣವು ಜೇಬಿನಲ್ಲಿಯೇ ಉಳಿಯದಂತೆ ನೋಡಿಕೊಳ್ಳುವುದು. ಕೂಲಿ ನಿಂತುಹೋದ ನೆರೆಮನೆಗೆ ಒಂದಷ್ಟು ಅಕ್ಕಿಯನ್ನು ಮುಟ್ಟಿಸಿದರೆ ‘ಬರಲಾರದವರ ಪಾಲು’ ಅವರಿಗೆ ತಲುಪಿದಂತಾಯಿತು. ಸಂತ ಲಾರೆನ್ಸರ ಭಂಡಾರಕ್ಕೂ ಸೇರಿದಂತಾಯಿತು.

ನಾಲ್ಕನೆಯ ಆದಿತ್ಯವಾರದಿಂದ ನಮ್ಮ ಮನೆಯಲ್ಲಿ ಹೀಗೆಯೇ ನಡೆಯಿತು. ಅದೇ ಈಸ್ಟರ್ ದಿನವಾಗಿದ್ದಿತು. ಮಗಳು ವಾಚನವನ್ನೋದಿದಳು, ನಾನು ಪ್ರಾರ್ಥನೆ ಹೇಳಿದೆನು, ನಡುವೆ ಮರೆತುಹೋದ ಮಾತನ್ನು ತಾಯಿಯವರು ಎತ್ತಿಕೊಟ್ಟರು. ಪ್ರಾರ್ಥನೆ ಮುಗಿದ ಮೇಲೆ ನಮ್ಮ ಪದ್ಧತಿಯಂತೆ ಕಿರಿಯರೆಲ್ಲ ಕೈಮುಗಿದು ಹಿರಿಯರಿಂದ ‘ಬೆಸಾಂವ್’, ಎಂದರೆ ಆಶೀರ್ವಾದವನ್ನು, ಬೇಡಿದೆವು. ಬಾಲ್ಯದಲ್ಲಿ ದಿನಂಪ್ರತಿ ಬೇಡುತ್ತಿದ್ದ ಅದನ್ನು ನಾನು ಎಷ್ಟೋ ವರ್ಷಗಳಿಂದ ಬಿಟ್ಟಿದ್ದೆನು.

ಇಗರ್ಜಿಯು ತೆರೆದ ಮೇಲೆ, ವಯಸ್ಸಾದವರು ಇನ್ನೂ ಕೆಲವು ಕಾಲ ಮನೆಯಲ್ಲಿಯೇ ಇರತಕ್ಕದ್ದೆಂಬ ನಿಯಮವಿದ್ದಿತು. ಮೊದಲನೆಯ ದಿನ ನಾವು ಹೊರಟಾಗ ತಾಯಿಯವರು ಅದೇ ಸೀರೆಯನ್ನುಟ್ಟು ಬಾಗಿಲವರೆಗೆ ಬಂದು ನಿಂತರು. “ನನ್ನ ಹೆಸರನ್ನೂ ಹೇಳಿಕೊಳ್ಳು ಮಗಾ” ಎಂದಷ್ಟೇ ಹೇಳಿ ಒಳಕ್ಕೆ ಹೋಗಿ ಆಲ್ತಾರಿನ ಮುಂದೆ ಕುಳಿತರು. ಇಗರ್ಜಿಯಲ್ಲಿ ಬೆಂಚುಗಳು ಅರ್ಧಕ್ಕರ್ಧ ಖಾಲಿಯಾಗಿದ್ದುವು. ಮುಖಗಳು ಬಟ್ಟೆಯ ಮರೆಯಲ್ಲಿದ್ದುವು. ಬರಲಾರದವರಿಗಾಗಿ ಪ್ರಾರ್ಥಿಸೋಣವೆಂದು ಗುರುಗಳು ಹೇಳಿದಾಗ, ಅವರಲ್ಲಿ ಪ್ರತಿಯೊಬ್ಬರೂ ಆ ಗಳಿಗೆಯಲ್ಲಿ ಎಲ್ಲಿ, ಯಾವ ಬಟ್ಟೆಯಲ್ಲಿ, ಯಾವ ಚಾವಡಿಯಲ್ಲಿ ಕುಳಿತಿರುವರೆಂದು ನಮಗೆಲ್ಲರಿಗೂ ತಿಳಿದಿದ್ದಿತು.